‘ಜೂಡಾಸ್ ಪಿಗ್’ಗೆ ‘ದೀವದ ಹಂದಿ’ ಎನ್ನಬಹುದಾ?

ಗೆಳೆಯರೇ, ಒಂದು ಪದ ಸಿಗುತ್ತಿಲ್ಲ. ಹೊರದೇಶದ ರಕ್ಷಿತ ಕಾಡುಗಳಲ್ಲಿ ಹಂದಿ ಕಾಟ ಹೇಗೆ ತಡೆಯುತ್ತಾರೆ ಅಂತ ನಮ್ಮ ಮೂಡಿಗೆರೆ ಕಡೆಯವರಿಗಾಗಿ ಬರೆಯುತ್ತಿದ್ದೇನೆ.

ಹಂದಿ ಜಾಸ್ತಿ ಇದ್ದಾಗ ಬೋನು, ಬೇಲಿ, ಬಂದೂಕು ಸಾಕು. ಕೊನೆಯ ನಾಲ್ಕಾರು ಉಳಿದಾಗಲೇ ಕಷ್ಟ, ಪೊದೆ ಬಿಟ್ಟು ಹೊರಗೆ ಬರುವುದೇ ಇಲ್ಲ. ಆಗ ಒಂದನ್ನು ಜೀವಂತ ಹಿಡಿದು, ಕುತ್ತಿಗೆಗೆ ರೇಡಿಯೊ ಕಾಲರ್ ಹಾಕಿ ಬಿಟ್ಟುಬಿಡುತ್ತಾರೆ. ಅದು ಒಂಟಿಯಾಗಿರಲಾರದೆ ತನ್ನವರನ್ನು ಹುಡುಕಿಕೊಂಡು ಹೋಗುತ್ತದೆ, ಸಿಗ್ನಲ್ ಹಿಡಿದು ಹಿಂದೆ ಹೋದವರು ಉಳಿದವನ್ನು ಹೊಡೆಯುತ್ತಾರೆ. ಇದೇ ಜೂಡಾಸ್ ಪಿಗ್. ಏಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು. ‘ಯೂದ ಹಂದಿ’ ಎಂದರೆ ಬೈಬಲ್ ಓದದವರಿಗೆ ತಲೆಬುಡ ತಿಳಿಯಲ್ಲ. ‘ದ್ರೋಹಿ ಹಂದಿ’ ಅನ್ನೋಣವೆಂದರೆ, ಪಾಪ, ಅದು ಮಾಡಿದ ದ್ರೋಹವಾದರೂ ಏನು?

ಹಳಗನ್ನಡದ ಬೇಟೆ ವರ್ಣನೆಗಳಲ್ಲಿ ‘ದೀವ’ ಬರುತ್ತದಲ್ವಾ? ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಹತ್ತಿರ ಬರಿಸುವುದು. ನನಗೆ ಇದೇ ಇಷ್ಟ. ಆದರೆ ದೀವ ಮಿಕ್ಕವನ್ನು ಬೇಟೆಗಾರನ ಹತ್ತಿರ ತರುತ್ತದೆ, ಈ ಹಂದಿ ಬೇಟೆಗಾರನನ್ನೇ ಅವುಗಳ ಹತ್ತಿರ ಕರೆದೊಯ್ಯುತ್ತದೆ. ಇಷ್ಟು ವ್ಯತ್ಯಾಸ ನಡೆಯುತ್ತದಾ? ಜೊತೆಗೆ ಮಲೆನಾಡಿನಲ್ಲಿ ದೀವರು ಎಂಬ ಸಮುದಾಯವೇ ಇದೆ. ಅಚ್ಚಿನಲ್ಲಿ ಒಂದಕ್ಷರ ತಪ್ಪಿದರೆ ಮುಜುಗರ.

ಇನ್ನೊಂದು ಸಣ್ಣ ತೊಡಕು. ‘ಕಾಡುಹಂದಿ’ ಎಂದು ಬರೆದರೆ ನಮ್ಮವರು ನಮ್ಮ ಹಂದಿಯೆಂದೇ ತಿಳಿಯುತ್ತಾರೆ. ಅದು ರಾತ್ರಿ ನುಗ್ಗಿ ಗದ್ದೆ ಬದುವನ್ನು ಟಿಲ್ಲರ್ ಹೊಡೆದ ಹಾಗೆ ಮೀಟಿ ಹಾಕಿದರೂ ಇಲ್ಲಿನದೇ ಪ್ರಾಣಿ, ಭದ್ರಾ ಕಾಡಿನ ಹುಲಿಗೂ ಕೆನ್ನಾಯಿಗೂ ಊಟ. ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್ ದ್ವೀಪದ್ದು ಹಾಗಲ್ಲ. ಸಾಕಿದ ಹಂದಿಗಳು ತಪ್ಪಿಸಿಕೊಂಡು ಕಾಡು ಸೇರಿದ್ದು. ಮರಿಗಳ ಆಸೆಗೆ ಬಂದು ನೆಲೆನಿಂತ ಹೊನ್ನಹದ್ದುಗಳು ಅಲ್ಲಿನ ಪುಟ್ಟ ನರಿಗಳನ್ನೂ ತಿಂದು ಮುಗಿಸುವುದರಲ್ಲಿದ್ದವು. 2005-06ರಲ್ಲಿ 5,000ಕ್ಕೂ ಹೆಚ್ಚು ಹಂದಿ ಹೊಡೆದು ದ್ವೀಪ ಖಾಲಿ ಮಾಡಿದರು. ಇವಕ್ಕೆ ‘ಬೀಡಾಡಿ ಹಂದಿ’ ಎಂದರೆ ಹಾಸನದ ಚರಂಡಿ ಪಕ್ಕದವು ಕಣ್ಣಿಗೆ ಬರುತ್ತವೆ. ‘ಕಾಡುಬಿದ್ದ ತೋಟ’ ಅನ್ನುತ್ತೇವಲ್ಲ, ಹಾಗೆ ‘ಕಾಡುಬಿದ್ದ ಹಂದಿ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಆದರೆ ಅಮೆರಿಕದ ಸ್ಮೋಕಿ ಬೆಟ್ಟಗಳಿಗೆ ಇದು ಹೊಂದಲ್ಲ. 1912ರಲ್ಲಿ ಬೇಟೆಯ ಶೋಕಿಗೆಂದು ಆ ಸೀಮೆಗೆ ತಂದದ್ದು ಯುರೋಪಿನ ಕಾಡುಹಂದಿಯನ್ನೇ. ಅಲ್ಲಿಗೆ ಸುಮ್ನೆ ‘ಹೊರಗಿನ ಹಂದಿ’ ಸಾಕೇನೋ.

ಸಕಲೇಶಪುರ, ಆಲೂರು, ಕೊಪ್ಪದ ಕಡೆಯ ಹಿರಿಯರು ಯಾರಾದರೂ ‘ದೀವ’ವನ್ನು ಬಾಯಿಮಾತಿನಲ್ಲಿ ಕೇಳಿದ್ದೀರಾ? ಕಾಡುಕೋಳಿ ಹಿಡಿಯಲು ಸಾಕಿದ ಹುಂಜ ಕಟ್ಟುತ್ತಿದ್ದರಲ್ಲ, ಅದಕ್ಕೆ ನಿಮ್ಮೂರಲ್ಲಿ ಏನೆನ್ನುತ್ತಿದ್ದರು?