‘ಗೀಳು’ ಯಾವುದಕ್ಕೆ, ‘ಚಟ’ ಯಾವುದಕ್ಕೆ?

ಪ್ರಶ್ನೆ: ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೂ ಅವರ ಮನೆಯವರಿಗೂ ಎರಡು ಪುಟದ ಆರೋಗ್ಯ ಕರಪತ್ರ ತಯಾರಾಗುತ್ತಿದೆ. ಕರಡಿನಲ್ಲಿ ‘ಮೊಬೈಲ್ ಗೀಳು’, ‘ತಂಬಾಕು ವ್ಯಸನ’, ‘ಗೀಳು ಮನೋರೋಗ’ ಮೂರೂ ಇವೆ. ಅಡಿಕ್ಷನ್‌ಗೂ ಒಸಿಡಿಗೂ (ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗಿ, ಮಾಡಿದ್ದನ್ನೇ ಮಾಡಿಸುವ ಮನೋರೋಗ) ಒಂದೇ ಪದ ಆಗಬಹುದೆ? ವಿತ್‌ಡ್ರಾವಲ್‌ಗೆ ‘ಹಿಂತೆಗೆತ’, ಟಾಲರೆನ್ಸ್‌ಗೆ ‘ಸಹಿಷ್ಣುತೆ’ ಎಂದು ಹಾಕಿದ್ದೇವೆ. ಬಲ್ಲವರು ತಿದ್ದಿಕೊಡಿ.

ಉತ್ತರ: ಆಗದು. ‘ಗೀಳು’ ಪದವನ್ನು ಒಸಿಡಿಗೆ ಮೀಸಲಿಡಿ. ಮೊಬೈಲಿಗೂ ತಂಬಾಕಿಗೂ ‘ಚಟ’ ಸಾಕು. ಪತ್ರಿಕೆಗಳು ‘ಮೊಬೈಲ್ ಗೀಳು’ ಎಂದು ಬರೆದು ಬರೆದು ಪದವನ್ನು ಸಡಿಲ ಮಾಡಿವೆ, ನಿಜ. ಆದರೆ ಮನೋವೈದ್ಯರು ಕನ್ನಡದಲ್ಲಿ ಬರೆಯುವಾಗ ಗೀಳು ಎಂದರೆ ಒಸಿಡಿಯೇ. ಒಂದೇ ಕರಪತ್ರದಲ್ಲಿ ಎರಡೂ ಅರ್ಥ ಬಂದರೆ ಓದುವವರು ತಮಗೆ ಗೊತ್ತಿರುವುದನ್ನೇ ಹಿಡಿಯುತ್ತಾರೆ: ಗೀಳು ಅಂದರೆ ಫೋನು. ಇಪ್ಪತ್ತು ಸಲ ಕೈ ತೊಳೆಯುವ, ಚಿಲಕ ಹಾಕಿದೆನೋ ಇಲ್ಲವೋ ಎಂದು ಎದ್ದೆದ್ದು ನೋಡುವ ಹುಡುಗಿಯದು ಆಗ ಬರೀ ‘ಅತಿ ಮಡಿ’ಯಾಗಿ ಉಳಿಯುತ್ತದೆ.

ಎರಡರ ಒಳಗುಟ್ಟೇ ಬೇರೆ. ಚಟ ಶುರುವಾಗುವುದು ಸಾಮಾನ್ಯವಾಗಿ ಖುಷಿಯಿಂದ. ಬೇಕು ಬೇಕು ಎನ್ನಿಸುವ ತುಡಿತ ಅದರ ಗುರುತು. ಗೀಳಿನಲ್ಲಿ ಖುಷಿಯ ಮಾತೇ ಇಲ್ಲ. ಕೈ ಕೊಳೆಯಾಗಿದೆ ಎಂಬ ಯೋಚನೆ ಬೇಡವೆಂದರೂ ನುಗ್ಗುತ್ತದೆ, ತೊಳೆದರೆ ಒಂದು ಗಳಿಗೆ ನೆಮ್ಮದಿ, ಮತ್ತೆ ಅದೇ. ಹೀಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೋಗುತ್ತಿದ್ದರೆ, ಇಲ್ಲವೇ ಓದು, ಒಡನಾಟ ಕೆಡುತ್ತಿದ್ದರೆ ವೈದ್ಯರು ಅದನ್ನು ಕಾಯಿಲೆಯೆಂದು ಎಣಿಸುತ್ತಾರೆ. ಚಿಕಿತ್ಸೆಯೂ ತಿರುಗುಮುರುಗು. ಚಟ ಕೆಣಕುವ ಜಾಗ, ಸಹವಾಸಗಳಿಂದ ದೂರವಿರಿ ಎನ್ನುತ್ತಾರೆ. ಗೀಳಿಗಾದರೆ ಕೊಳೆಯೆನಿಸಿದ್ದನ್ನು ಹಂತಹಂತವಾಗಿ ಮುಟ್ಟಿಸಿ, ತೊಳೆಯದೆ ಇರುವುದನ್ನು ಅಭ್ಯಾಸ ಮಾಡಿಸುತ್ತಾರೆ. ಪದ ಕಲಸಿದರೆ ಸಲಹೆಯೂ ಕಲಸುತ್ತದೆ.

‘ವ್ಯಸನ’ ತಪ್ಪಲ್ಲ, ಆದರೆ ಅದಕ್ಕೆ ಎರಡು ಮುಖ. ಜೂಜು, ಮದ್ಯ, ಬೇಟೆ ಮುಂತಾದ ಸಪ್ತವ್ಯಸನಗಳ ಅರ್ಥ ಒಂದು. ‘ವ್ಯಸನಪಡಬೇಡ’ ಎನ್ನುವಾಗಿನ ದುಃಖ ಇನ್ನೊಂದು. ಅದೇ ಪುಟದಲ್ಲಿ ಖಿನ್ನತೆಯ ಬಗ್ಗೆಯೂ ಬರೆಯುತ್ತಿದ್ದರೆ ಬಿಟ್ಟುಬಿಡುವುದು ವಾಸಿ. ‘ವ್ಯಸನಿ’, ‘ಚಟಗಾರ’ ಎಂಬ ಹಣೆಪಟ್ಟಿಗಳೂ ಬೇಡ, ‘ಚಟಕ್ಕೆ ಸಿಕ್ಕವರು’ ಎನ್ನಿ. (ಅಚ್ಚಿಗೆ ಹೋಗುವ ಮುನ್ನ ‘ಚಟ’ ಎಲ್ಲಾದರೂ ‘ಚಟ್ಟ’ ಆಗಿದೆಯೋ ನೋಡಿ. ಒತ್ತಕ್ಷರ ಒಂದು ಸೇರಿದರೆ ನೇರ ಸ್ಮಶಾನಕ್ಕೆ.)

‘ಸಹಿಷ್ಣುತೆ’ಯನ್ನಂತೂ ಹೊಡೆದುಹಾಕಿ. ಮಗು ಅದನ್ನು ಒಳ್ಳೆಯ ಗುಣವೆಂದು ಓದುತ್ತದೆ. ‘ಮೊದಲಿನಷ್ಟೇ ತೆಗೆದುಕೊಂಡರೆ ಸಾಲದೆ ಪ್ರಮಾಣ ಏರುತ್ತಾ ಹೋಗುವುದು’ ಎಂದು ಬಿಡಿಸಿ ಬರೆಯಿರಿ. ‘ಹಿಂತೆಗೆತ’ ಓದಿದರೆ ಬ್ಯಾಂಕಿನಿಂದ ಹಣ ತೆಗೆದಂತೆ. ‘ಬಿಟ್ಟಾಗಿನ ಬಾಧೆ’ ಚೆನ್ನ. ತಂಬಾಕಿನದಾದರೆ ಬಾಧೆ ಏನೆಂದೂ ಹೇಳಿ: ಸಿಡುಕು, ನಿದ್ದೆಗೇಡು, ಹಸಿವು ಹೆಚ್ಚುವುದು, ಗಮನ ನಿಲ್ಲದಿರುವುದು. ಬಿಟ್ಟ ಒಂದು ದಿನದೊಳಗೆ ಶುರುವಾಗಿ, ಮೊದಲ ಕೆಲವು ದಿನ ಜೋರಾಗಿದ್ದು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಇದು ಗೊತ್ತಿಲ್ಲದವರು ಮೂರನೇ ದಿನ ‘ನನ್ನಿಂದಾಗದು’ ಎಂದು ಮತ್ತೆ ಪೊಟ್ಟಣ ಹರಿಯುತ್ತಾರೆ.

ಮೊಬೈಲಿನ ಮಾತಿಗೆ ಒಂದು ಎಚ್ಚರಿಕೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ (2022ರ ಜನವರಿಯಿಂದ ಜಾರಿ) ಹೆಸರಿಸಿರುವುದು ವಿಡಿಯೊ ಗೇಮ್ ಆಟದ ಚಟವನ್ನು, ಮೊಬೈಲನ್ನಲ್ಲ. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕಾದರೂ ನಿಲ್ಲಿಸಲಾಗದಿರುವುದು ಸಾಮಾನ್ಯವಾಗಿ 12 ತಿಂಗಳು ಕಂಡಿರಬೇಕು. ಪರೀಕ್ಷೆ ಮುಗಿದ ವಾರ ಹಗಲೆಲ್ಲ ಆಡಿದ ಹುಡುಗನಿಗೆ ‘ಅತಿಯಾಯಿತು’ ಎಂದರೆ ಸಾಕು.

ಮತ್ತೊಬ್ಬರು: ಮೇಲಿನದನ್ನು ಒಪ್ಪುತ್ತೇನೆ. ‘ಖಿನ್ನತೆ’ಯ ಮಾತು ಬಂದದ್ದರಿಂದ ಒಂದು ಸೇರಿಕೆ. ಮಕ್ಕಳ ಬಾಯಲ್ಲಿರುವುದು ‘ಬೇಜಾರು’, ಉತ್ತರ ಕರ್ನಾಟಕದಲ್ಲಿ ‘ಬ್ಯಾಸರ’. ಹೊತ್ತು ಹೋಗದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು. ಹಾಗಾಗಿ ‘ಬೇಜಾರಾಗಿದೆಯೇ?’ ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ‘ಎರಡು ವಾರದಿಂದ ಹೆಚ್ಚುಕಡಿಮೆ ದಿನವೂ, ಮೊದಲು ಇಷ್ಟವಾಗಿದ್ದದ್ದೂ ಬೇಡವಾಗಿದೆಯೇ?’ ಎಂದು ಕೇಳಿ. ಹದಿಹರೆಯದಲ್ಲಿ ಅಳುವಿನ ಬದಲು ಸಿಡಿಮಿಡಿಯೇ ಮುಂದೆ ಕಾಣಬಹುದು. ಲಕ್ಷಣಗಳ ಪಟ್ಟಿಯಲ್ಲಿ ‘ಸಿಡುಕು’ ಇರಲೇಬೇಕು, ಇಲ್ಲವಾದರೆ ಮನೆಯವರು ‘ಕೊಬ್ಬು’ ಎಂದುಬಿಡುತ್ತಾರೆ. ಕೊನೆಗೆ 14416 ಹಾಕಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ ಕರೆ, ಕನ್ನಡದಲ್ಲೂ ಮಾತಾಡಬಹುದು.