ರೋಗಿ ತೀರಿಕೊಂಡರೂ ಕಣ್ಣೀರು ಬಾರದಿದ್ದಾಗ

ಪ್ರಶ್ನೆ (ಶುಶ್ರೂಷಕಿ, ಹುಬ್ಬಳ್ಳಿ): ಒಂಬತ್ತು ವರ್ಷಗಳಿಂದ ಕ್ಯಾನ್ಸರ್ ವಾರ್ಡಿನಲ್ಲಿ ದುಡಿಯುತ್ತಿರುವ ನನಗೆ ಈಚೆಗೆ ರೋಗಿ ತೀರಿಕೊಂಡಾಗಲೂ ಏನೂ ಅನ್ನಿಸುವುದಿಲ್ಲ, ಮನೆಯಲ್ಲಿ ಮಗಳು ಜ್ವರವೆಂದರೂ ಸಿಡುಕುತ್ತೇನೆ. ನಾನು ಕಲ್ಲಾಗಿಬಿಟ್ಟೆನೇ?

ಉತ್ತರ (ಮನೋವೈದ್ಯ): ಇಲ್ಲ ಸಿಸ್ಟರ್, ಪರರ ನೋವನ್ನು ದಿನವೂ ಹೊತ್ತವರಿಗೆ ಬರುವ ಕರುಣೆಯ ದಣಿವಿನಂತೆ ಇದು ಕಾಣುತ್ತದೆ. ಇದಕ್ಕೆ ಹತ್ತಿರದ ಬರ್ನ್‌ಔಟ್ ಅನ್ನು, ಅಂದರೆ ಕೆಲಸದಿಂದ ಪೂರ್ತಿ ಬಳಲಿಹೋಗುವುದನ್ನು, ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ವಿವರಿಸಿದೆ. ಆದ್ದರಿಂದ ದೋಷವನ್ನು ಮೊದಲು ನಿಮ್ಮ ಪಾಳಿಯ ಪಟ್ಟಿಯಲ್ಲಿ ಹುಡುಕಿರಿ.

ಉತ್ತರ (ಹಿರಿಯ ಶುಶ್ರೂಷಕಿ, ಮೈಸೂರು): ನಮ್ಮಲ್ಲಿ ಪ್ರತಿ ಸಾವಿನ ನಂತರ ಹತ್ತು ನಿಮಿಷ ಕುಳಿತು ಆ ರೋಗಿಯ ಬಗ್ಗೆ ಮಾತನಾಡುತ್ತೇವೆ, ಹಾಸಿಗೆಯ ಹೊದಿಕೆ ಬದಲಿಸುವುದು ಆಮೇಲೆಯೇ. ನಿದ್ದೆಯೂ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿರಿ, ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನಿಸಿದವರು: ಆ ಹತ್ತು ನಿಮಿಷವನ್ನು ನಾಳೆಯೇ ನಮ್ಮ ಮೇಲ್ವಿಚಾರಕಿಯವರಲ್ಲಿ ಕೇಳುತ್ತೇನೆ.