ತೋಟದ ಎಟಿವಿಗೆ ಪವರ್ ಸಾಲುತ್ತಿಲ್ಲ, ಇಂಜಿನ್ ಬೋರ್ ದೊಡ್ಡದು ಮಾಡಿಸಬಹುದಾ?

ತೋತಾಪುರಿ, ಶ್ರೀನಿವಾಸಪುರ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಾವಿನ ತೋಟ. ಬಾದಾಮಿ ಸ್ವಲ್ಪ, ತೋತಾಪುರಿ ಜಾಸ್ತಿ. ನಂದಿ ಬೆಟ್ಟದ ಕಡೆಯ ಒಂದು ರೆಸಾರ್ಟ್‌ನಿಂದ ಚೀನಾದ 250 ಸಿಸಿ ಎಟಿವಿ (ಮಣ್ಣು, ಗುಡ್ಡದಲ್ಲಿ ಓಡುವ ನಾಲ್ಕು ಚಕ್ರದ ಬೈಕ್) ಸೆಕೆಂಡ್ ಹ್ಯಾಂಡ್ ತಂದಿದ್ದೇನೆ. ಏರ್ ಕೂಲ್ಡ್, ಕಾರ್ಬ್ಯುರೇಟರ್, ಗೇರ್ ಗಾಡಿ, ಹಿಂದಿನ ಆಕ್ಸಲ್‌ಗೆ ಚೈನ್. ಪುಟ್ಟ ಟ್ರೇಲರ್ ಕಟ್ಟಿ, ಅದರಲ್ಲಿ 200 ಲೀಟರ್ ಡ್ರಮ್ ಮತ್ತು ಪಂಪ್ ಇಟ್ಟು ಔಷಧಿ ಹೊಡೆಯುತ್ತೇವೆ. ಸಾಲುಗಳ ನಡುವೆ ಟ್ರ್ಯಾಕ್ಟರ್ ನುಗ್ಗಿದರೆ ಕೊಂಬೆ ಮುರಿಯುತ್ತವೆ, ಅದಕ್ಕೇ ಇದು.

ಸಮತಟ್ಟು ಜಾಗದಲ್ಲಿ ಚೆನ್ನಾಗಿಯೇ ಎಳೆಯುತ್ತದೆ. ಆದರೆ ತೋಟದ ಮೇಲಿನ ಭಾಗ ಗುಡ್ಡಕ್ಕೆ ಅಂಟಿಕೊಂಡಿದೆ. ಡ್ರಮ್ ತುಂಬಿದ್ದರೆ ಫಸ್ಟ್ ಗೇರಿನಲ್ಲೂ ಉಸಿರುಕಟ್ಟಿ ನಿಂತುಬಿಡುತ್ತದೆ. ಹೂ ಬಿಡುವ ಹೊತ್ತಿಗೆ ಜಿಗಿಹುಳು, ಬೂದಿ ರೋಗ ಎರಡೂ ಒಟ್ಟಿಗೇ ಬರುತ್ತವೆ. ಆಗ ಗಾಡಿ ಕೈಕೊಟ್ಟರೆ ಬೆಳೆಯೇ ಹೋಗುತ್ತದೆ.

ಬೆಂಗಳೂರಿನಲ್ಲಿ ಗಾಡಿ ಮಾಡಿಫೈ ಮಾಡುವವರೊಬ್ಬರನ್ನು ಕೇಳಿದೆ. ಬಿಗ್ ಬೋರ್ ಪಿಸ್ಟನ್ (ಸಿಲಿಂಡರ್ ಕೊರೆದು ಹಾಕುವ ದೊಡ್ಡ ಪಿಸ್ಟನ್), ಕೋನ್ ಏರ್ ಫಿಲ್ಟರ್, ಫ್ರೀ ಫ್ಲೋ ಸೈಲೆನ್ಸರ್ (ಹೊಗೆ ಸರಾಗವಾಗಿ ಬಿಡುವಂಥದ್ದು), ಮೂರೂ ಹಾಕಿಸಿ ಅಂದರು. ದುಡ್ಡು ಹಾಕಲು ರೆಡಿ ಇದ್ದೇನೆ. ಬೇಸಿಗೆಯ ಬಿಸಿಲಿಗೆ ಇಂಜಿನ್ ತಡೆಯುತ್ತದಾ?

ಶಿರಾ ರೈಡರ್:

ನನ್ನ ಎಟಿವಿಗೆ ಫ್ರೀ ಫ್ಲೋ ಹಾಕಿಸಿ, ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ತೂತಿನ ಬಿಡಿಭಾಗ) ಕೂಡ ಬದಲಾಯಿಸಿದ್ದೇನೆ. ವ್ಯತ್ಯಾಸ ಗೊತ್ತಾಗುವುದು ಇಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಕೆರೆ ಏರಿ ಮೇಲೆ ನಿಧಾನಕ್ಕೆ ಹತ್ತುವಾಗ ಏನೂ ಇಲ್ಲ. ನಿಮಗೆ ಬೇಕಿರುವುದು ನಿಧಾನದ ಎಳೆತ ಅಲ್ವಾ? ಹಾಗಿದ್ದರೆ ಸೈಲೆನ್ಸರ್‌ಗೆ ದುಡ್ಡು ಹಾಕಬೇಡಿ.

ರಾಬರ್ಟ್‌ಸನ್‌ಪೇಟೆ ಲೇತ್:

ನಾನು ಕೆಜಿಎಫ್‌ನಲ್ಲಿ ಲೇತ್ ಇಟ್ಟುಕೊಂಡಿದ್ದೇನೆ. ಇಂಜಿನ್ ಸಿಲಿಂಡರ್‌ಗೆ ಬೋರ್ ಹೊಡೆಯುವುದೇ ನನ್ನ ಕಸುಬು. ಗಣಿ 2001ರಲ್ಲಿ ಮುಚ್ಚುವವರೆಗೂ ನಮ್ಮಪ್ಪ ಅಲ್ಲಿನ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮೊದಲು ಅಳತೆ, ಆಮೇಲೆ ಕಟಿಂಗ್ ಅಂತ ಅವರು ಕಲಿಸಿದ್ದನ್ನು ನಾನು ಬಿಟ್ಟಿಲ್ಲ. ಬೋರ್ ಕೆಲಸ ಬಂದರೆ ನನಗೆ ಸಂಪಾದನೆ. ಆದರೂ ಈಗಲೇ ಬಿಗ್ ಬೋರ್ ಬೇಡ ಅನ್ನುತ್ತೇನೆ.

ಗಾಡಿಯ ಮೇಲೆ 250 ಅಂತ ಬರೆದಿದ್ದರೂ ಈ ಚೀನಾ ಇಂಜಿನ್‌ಗಳಲ್ಲಿ ಬಹಳಷ್ಟು 67 ಮಿ.ಮೀ. ಬೋರ್ (ಸಿಲಿಂಡರ್ ಅಗಲ), 65 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ). ಲೆಕ್ಕ ಹಾಕಿ, 229 ಸಿಸಿ ಬರುತ್ತದೆ. ಅದನ್ನು 70 ಮಿ.ಮೀ.ಗೆ ಏರಿಸಿದರೆ ಸರಿಯಾಗಿ 250. ಅಂದರೆ ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಶೇ 9ರಷ್ಟು. ಅದಕ್ಕೆ ಕೊಡುವ ಬೆಲೆ ನೋಡಿ. ಲೈನರ್ (ಸಿಲಿಂಡರ್ ಒಳಗಿನ ಕೊಳವೆ) ಸುತ್ತಲೂ ಒಂದೂವರೆ ಮಿ.ಮೀ. ತೆಳುವಾಗುತ್ತದೆ. ತೆಳು ಲೈನರ್ ಬಿಸಿಗೆ ದುಂಡಗೆ ಉಳಿಯುವುದಿಲ್ಲ. ಜೊತೆಗೆ ಹೆಡ್ ಹಾಗೇ ಇದ್ದರೆ ಕಂಪ್ರೆಷನ್ (ಪೆಟ್ರೋಲ್-ಗಾಳಿ ಮಿಶ್ರಣವನ್ನು ಒತ್ತುವ ಪ್ರಮಾಣ) ತಾನಾಗಿಯೇ ಏರುತ್ತದೆ. ಮೊದಲು 9ಕ್ಕೆ 1 ಇದ್ದದ್ದು 9.7ರ ಹತ್ತಿರ ಹೋಗುತ್ತದೆ. ಏಪ್ರಿಲ್ ಬಿಸಿಲಲ್ಲಿ, ಗಾಳಿಯೇ ಬೀಸದ ಸಾಲಿನಲ್ಲಿ, ಫಸ್ಟ್ ಗೇರಿನಲ್ಲಿ ಮುಕ್ಕರಿಸುತ್ತಾ ಹತ್ತುವ ಏರ್ ಕೂಲ್ಡ್ ಇಂಜಿನ್‌ಗೆ ಅದು ಒಳ್ಳೆಯದಲ್ಲ. ನಾಕಿಂಗ್ (ಮಿಶ್ರಣ ತಾನೇ ತಾನಾಗಿ ಸಿಡಿಯುವುದು) ಶುರುವಾದರೆ ಪಿಸ್ಟನ್ ತಲೆ ತೂತಾಗುವವರೆಗೂ ಹೋಗಬಹುದು.

ಇಂಜಿನ್‌ನಲ್ಲಿ ಪುಶ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಕಡ್ಡಿ) ಇದ್ದರೆ ಅದು 1970ರ ದಶಕದ ಹೋಂಡಾ ಸಿಜಿ125 ಇಂಜಿನ್‌ನ ವಂಶ. ಗಟ್ಟಿಮುಟ್ಟಾದದ್ದು, ಆದರೆ ಜಾಸ್ತಿ ಆರ್‌ಪಿಎಂ ಅದಕ್ಕೆ ಆಗಿಬರುವುದಿಲ್ಲ. ಫ್ರೀ ಫ್ಲೋ ಬಗ್ಗೆ ಶಿರಾದವರು ಹೇಳಿದ್ದು ಸರಿ. ನಾನು ಇನ್ನೊಂದು ಸೇರಿಸುತ್ತೇನೆ: ಮಾರ್ಚ್‌ನಲ್ಲಿ ನಿಮ್ಮ ಮರಗಳ ಕೆಳಗೆ ಒಣ ಎಲೆ ಹಾಸಿರುತ್ತದೆ. ಹಳೆ ಸೈಲೆನ್ಸರ್ ಒಳಗೆ ಕಿಡಿ ತಡೆಯುವ ಜಾಲರಿ ಇದ್ದರೆ ದಯವಿಟ್ಟು ಅದನ್ನು ತೆಗೆಸಬೇಡಿ.

ಕೋನ್ ಫಿಲ್ಟರ್ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಇಲ್ಲಿ ಸಯನೈಡ್ ಗುಡ್ಡದ ಮೇಲೆ ಬೈಕ್ ಓಡಿಸುವ ಹುಡುಗರು ಫಿಲ್ಟರ್ ಇರುವ ಏರ್ ಬಾಕ್ಸ್ ಕಿತ್ತು ಕೋನ್ ಸಿಕ್ಕಿಸಿಕೊಳ್ಳುತ್ತಾರೆ. ಗಣಿಯ ಕಲ್ಲನ್ನು ಹಿಟ್ಟು ಮಾಡಿ ಸುರಿದ ಗುಡ್ಡ ಅದು. ಆ ಪುಡಿ ಬೋರ್ ಒಳಗೆ ಹೋದರೆ ಲೈನರ್ ಅನ್ನು ಸಾಣೆಕಲ್ಲಿನ ಹಾಗೆ ತೇಯುತ್ತದೆ. ಹೊಸ ಪಿಸ್ಟನ್ ಹಾಕಿದ ಗಾಡಿ ಅದೇ ವರ್ಷ ಹೊಗೆ ಕಾರುತ್ತಾ ನನ್ನ ಬಾಗಿಲಿಗೆ ಬರುತ್ತದೆ. ನಿಮ್ಮ ಕಡೆಯ ಕೆಂಪು ಮಣ್ಣಿನ ಧೂಳೂ ಕಮ್ಮಿಯಲ್ಲ, ಪಕ್ಕದಲ್ಲಿ ಜಲ್ಲಿ ಕ್ರಷರ್ ಇದ್ದರಂತೂ ಕೇಳುವುದೇ ಬೇಡ. ಏರ್ ಬಾಕ್ಸ್ ಹಾಗೇ ಇರಲಿ. ಫೋಮ್ ಫಿಲ್ಟರ್ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಹಿಂಡಿ ಹಾಕಿ. ಬಾಕ್ಸ್‌ನಿಂದ ಕಾರ್ಬ್ಯುರೇಟರ್‌ವರೆಗಿನ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ.

ಈಗ ನನ್ನ ಅನುಮಾನ ಹೇಳುತ್ತೇನೆ. ರೆಸಾರ್ಟ್ ಗಾಡಿ ಅಂದರೆ ದಿನವಿಡೀ ಹೊಸಬರು ಧೂಳಿನಲ್ಲಿ ತಿರುಚಿದ ಗಾಡಿ. ಅದರ ಸ್ವಂತ ಪವರ್ ಈಗ ಪೂರ್ತಿ ಉಳಿದಿರಲಾರದು. ಮೊದಲು ಇವಿಷ್ಟು ನೋಡಿ ತಿಳಿಸಿ. ಇಂಜಿನ್ ತಣ್ಣಗಿರುವಾಗ ವಾಲ್ವ್ ಗ್ಯಾಪ್ ಅಳೆಯಿರಿ, ಸಿಜಿ ಇಂಜಿನ್‌ಗೆ 0.08 ಮಿ.ಮೀ. ಆಸುಪಾಸು ಇರಬೇಕು. ಗುಡ್ಡ ಹತ್ತಿಸಿ, ಅಲ್ಲೇ ಆಫ್ ಮಾಡಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ. ಆಮೇಲೆ ಆಕ್ಸಿಲರೇಟರ್ ಪೂರ್ತಿ ತೆರೆದು ಕಂಪ್ರೆಷನ್ ಗೇಜ್ ಹಾಕಿಸಿ. ಕಮ್ಮಿ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಮೇಲೇರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸೋರುತ್ತಿದೆ.

ತೋತಾಪುರಿ, ಶ್ರೀನಿವಾಸಪುರ:

ತುಂಬಾ ಥ್ಯಾಂಕ್ಸ್ ಅಣ್ಣ. ಇಲ್ಲಿನ ಮೆಕ್ಯಾನಿಕ್ ಹತ್ತಿರ ಎಲ್ಲ ನೋಡಿಸಿದೆ. ಪುಶ್‌ರಾಡ್ ಇಂಜಿನ್ನೇ. ಎಕ್ಸಾಸ್ಟ್ ವಾಲ್ವ್‌ಗೆ ಗ್ಯಾಪ್ ಇರಲೇ ಇಲ್ಲ, ಸರಿ ಮಾಡಿದರು. ಆಮೇಲೆ ಗೇಜ್ ಹಾಕಿದಾಗ ಕಂಪ್ರೆಷನ್ 7 ಕೆಜಿ. ಆಯಿಲ್ ಬಿಟ್ಟ ಮೇಲೆ 10 ದಾಟಿತು. ಪ್ಲಗ್ ಸುಣ್ಣದಷ್ಟು ಬೆಳ್ಳಗಿದೆ. ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) 15 ಹಲ್ಲು. ಈಗ ಏನು ಮಾಡಲಿ?

ರಾಬರ್ಟ್‌ಸನ್‌ಪೇಟೆ ಲೇತ್:

ರಿಂಗ್, ಬೋರ್ ಸವೆದಿವೆ. ಚೆನ್ನಾಗಿರುವ ಇಂಜಿನ್‌ನಲ್ಲಿ 10ರಿಂದ 12 ಕೆಜಿ ಬರಬೇಕು. ಬಿಗ್ ಬೋರ್‌ನಿಂದ ಸಿಗುವುದಕ್ಕಿಂತ ಜಾಸ್ತಿ ಪವರ್ ಇಲ್ಲೇ ಸೋರಿಹೋಗುತ್ತಿದೆ. ಸಿಲಿಂಡರ್ ಬಿಚ್ಚಿಸಿ. ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಬೋರ್ ಗೇಜ್‌ನಲ್ಲಿ ಅಳೆದು, ಎಷ್ಟು ಕಮ್ಮಿ ಕೊರೆದರೆ ಸಾಕೋ ಅಷ್ಟಕ್ಕೇ ನಿಲ್ಲಿಸೋಣ. 0.25 ಮಿ.ಮೀ. ಓವರ್‌ಸೈಜ್‌ನಲ್ಲಿ (ಅಷ್ಟು ದೊಡ್ಡ ಪಿಸ್ಟನ್‌ಗೆ ಕೊರೆದಾಗ) ಸವೆತದ ಗೆರೆ ಹೋದರೆ 0.25, ಇಲ್ಲದಿದ್ದರೆ 0.50. ಲೈನರ್ ಉಳಿದಷ್ಟೂ ಗಾಡಿಗೆ ಆಯಸ್ಸು. ಕೊನೆಯಲ್ಲಿ ಹೋನ್ ಹೊಡೆದು (ಸಾಣೆಕಲ್ಲಿನಿಂದ ಉಜ್ಜಿ) ಅಡ್ಡಗೆರೆ ಬರಿಸಿಕೊಳ್ಳಿ, ಆಯಿಲ್ ನಿಲ್ಲುವುದು ಆ ಗೆರೆಗಳಲ್ಲೇ. ಜೋಡಿಸುವ ಮೊದಲು ಸೋಪು ಮತ್ತು ಬಿಸಿನೀರಿನಲ್ಲಿ ಬೋರ್ ತೊಳೆಯಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಹತ್ತಬಾರದು. ಬರೀ ಪೆಟ್ರೋಲ್‌ನಲ್ಲಿ ಒರೆಸಿದರೆ ಹೋನಿಂಗ್ ಪುಡಿ ಹೋಗುವುದಿಲ್ಲ.

ಪ್ಲಗ್ ಬೆಳ್ಳಗಿರುವುದಕ್ಕೆ ಕಾರಣ ಪೆಟ್ರೋಲ್ ಕಮ್ಮಿ ಬೀಳುತ್ತಿರುವುದು. ಈಗ ಬಂಕ್‌ನಲ್ಲಿ ಬರುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಮೊದಲು ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಸರಿಯಾಗುತ್ತಿತ್ತು, ಇದಕ್ಕೆ 13.5ರ ಹತ್ತಿರ ಸಾಕು. ಇಂಜೆಕ್ಷನ್ ಗಾಡಿ ತಾನೇ ಸರಿಪಡಿಸಿಕೊಳ್ಳುತ್ತದೆ, ಕಾರ್ಬ್ಯುರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಮೇನ್ ಜೆಟ್ ಮೇಲೆ ಸೈಜ್ 110 ಅಂತ ಇದ್ದರೆ 115, 120 ಎರಡನ್ನೂ ತಂದು ಹಾಕಿ ನೋಡಿ. ನಮ್ಮ ಜಿಲ್ಲೆ ಸಮುದ್ರಮಟ್ಟಕ್ಕಿಂತ 800 ಮೀಟರ್‌ಗೂ ಎತ್ತರ, ಗಾಳಿ ಸ್ವಲ್ಪ ತೆಳು. ಹಾಗಾಗಿ ತೀರಾ ದೊಡ್ಡ ಜೆಟ್ ಬೇಡ. ಪ್ಲಗ್ ಇಟ್ಟಿಗೆ ಪುಡಿಯ ಬಣ್ಣಕ್ಕೆ ಬಂದರೆ ಅಲ್ಲಿಗೆ ನಿಲ್ಲಿಸಿ.

ಇನ್ನು ಸ್ಪ್ರಾಕೆಟ್. ಮುಂದೆ 15 ಹಲ್ಲಿನ ಜಾಗಕ್ಕೆ 14 ಹಾಕಿದರೆ ಚಕ್ರಕ್ಕೆ ಶೇ 7 ಎಳೆತ ಜಾಸ್ತಿ, 13 ಹಾಕಿದರೆ ಶೇ 15. ಟಾಪ್ ಸ್ಪೀಡ್ ಮಾತ್ರ ಸ್ವಲ್ಪ ಇಳಿಯುತ್ತದೆ, ತೋಟದಲ್ಲಿ ಅದು ಯಾರಿಗೆ ಬೇಕು? 13ರಲ್ಲಿ ಚೈನ್ ಬೇಗ ಸವೆಯುತ್ತದೆ. ನಾನಾದರೆ 14 ಹಾಕಿ, ಇನ್ನೂ ಬೇಕೆನಿಸಿದರೆ ಹಿಂದಿನದ್ದನ್ನು ದೊಡ್ಡದು ಮಾಡುತ್ತೇನೆ.

ಶಿರಾ ರೈಡರ್:

ಒಂದು ಮಾತು ಮಧ್ಯೆ. ಗುಡ್ಡ ಹತ್ತುವುದು ಸರಿ ಹೋಗುತ್ತದೆ, ಇಳಿಯುವುದು? ಟ್ರೇಲರ್‌ಗೆ ಬ್ರೇಕ್ ಇದೆಯಾ?

ರಾಬರ್ಟ್‌ಸನ್‌ಪೇಟೆ ಲೇತ್:

ಒಳ್ಳೆಯ ಪ್ರಶ್ನೆ. ಅರ್ಧ ತುಂಬಿದ ಡ್ರಮ್ಮೇ ಜಾಸ್ತಿ ಅಪಾಯ. ಇಳಿಜಾರಿನಲ್ಲಿ ನೀರು ಒಂದೇ ಕಡೆ ನುಗ್ಗಿ ಗಾಡಿಯನ್ನು ತಳ್ಳುತ್ತದೆ, ಅಡ್ಡಕ್ಕೆ ತಿರುಗಿದರೆ ಮಗುಚುತ್ತದೆ. ಎರಡು 100 ಲೀಟರ್ ಡ್ರಮ್ ಇಟ್ಟು, ಒಂದು ಖಾಲಿಯಾದ ಮೇಲೆ ಇನ್ನೊಂದು ಬಳಸಿ. ಇಳಿಯುವಾಗ ಫಸ್ಟ್ ಗೇರಿನಲ್ಲೇ ಇರಿ, ಕ್ಲಚ್ ಹಿಡಿಯಬೇಡಿ. ಬ್ರೇಕ್ ಶೂ ಈ ವಾರವೇ ನೋಡಿಸಿ, ಇಂಜಿನ್ ಕೆಲಸಕ್ಕೆ ಮೊದಲು.

ತೋತಾಪುರಿ, ಶ್ರೀನಿವಾಸಪುರ:

ಟ್ರೇಲರ್‌ಗೆ ಬ್ರೇಕ್ ಇಲ್ಲ. ಡ್ರಮ್ ಬದಲಾಯಿಸುತ್ತೇನೆ, ಶೂ ನಾಳೆಯೇ ನೋಡಿಸುತ್ತೇನೆ. ಸಿಲಿಂಡರ್ ನಿಮ್ಮ ಹತ್ತಿರವೇ ತರಲಾ ಅಣ್ಣ?

ರಾಬರ್ಟ್‌ಸನ್‌ಪೇಟೆ ಲೇತ್:

ಬನ್ನಿ. ಬರುವಾಗ ಹಳೆ ಪಿಸ್ಟನ್, ಪಿನ್ ಕೂಡ ತನ್ನಿ. ಅಳತೆ ತೆಗೆದು ಯಾವ ಸೈಜ್ ಅಂತ ಹೇಳುತ್ತೇನೆ, ಆಮೇಲೆ ಹೊಸ ಪಿಸ್ಟನ್ ತರಿಸಿ. ಅದು ಕೈಗೆ ಬಂದು, ಮೈಕ್ರೋಮೀಟರ್‌ನಲ್ಲಿ ಅಳೆಯುವ ತನಕ ನಾನು ಬೋರ್ ಶುರು ಮಾಡುವುದಿಲ್ಲ.